ಎಡ ಮೇಲೆ, ಬಲ ಒಳಗೆ

ನಾನು ಹೆದರುಪುಕ್ಕಲಿ. ಇದನ್ನು ಮೊದಲೇ ಹೇಳಿಬಿಟ್ಟರೆ ಮುಂದಿನದೆಲ್ಲ ಅರ್ಥವಾದೀತು. ಬಹ್ರೇನ್‌ನ ಗುದೈಬಿಯಾದಲ್ಲಿ ಒಂದು ಫೋಟೊ ಸ್ಟುಡಿಯೊದ ಬಟ್ಟೆ ವಿಭಾಗದಲ್ಲಿ ನನ್ನ ಪ್ರಾಯವೆಲ್ಲ ಕಳೆಯಿತು. ಫೋಟೊಕ್ಕೆ ಬೇಕಾದ ಉಡುಪನ್ನು ಬಾಡಿಗೆಗೆ ಕೊಡುವುದು, ಗಿರಾಕಿಗೆ ಉಡಿಸುವುದು, ವಾಪಸು ಬಂದದ್ದನ್ನು ಬೆಳಕಿಗೆ ಹಿಡಿದು ಕಲೆ, ಹರುಕು ನೋಡಿ ಕಪಾಟಿಗೆ ಸೇರಿಸುವುದು, ಇಷ್ಟೇ ನನ್ನ ಕೆಲಸ. ಈಗ ಮಂಗಳೂರಿಗೆ ಬಂದು ಕೂತಿದ್ದೇನೆ. ಗಲ್ಫಿಗೆ ಇದೇ ಕೆಲಸಕ್ಕೆ ಹೊರಟ ಹುಡುಗಿಯರು ಚರ್ಚಿನಲ್ಲಿ ಸಿಕ್ಕಾಗ, "ಆಂಟಿ, ಅಲ್ಲಿ ಎಂತ ಕಷ್ಟ? ಬರೀ ಬಟ್ಟೆ ಉಡಿಸುವುದಲ್ವಾ?" ಎಂದು ಕೇಳುತ್ತಾರೆ. ಹೌದು ಮಗಾ, ಬರೀ ಬಟ್ಟೆ ಉಡಿಸುವುದು. ಆದರೆ ಆ ಬಟ್ಟೆ ನಿನ್ನದಲ್ಲ, ಉಟ್ಟವಳದ್ದೂ ಅಲ್ಲ. ಹೆದರಿಕೆ ಅಲ್ಲಿಂದಲೇ ಶುರು.

ಬಾಡಿಗೆ ಬಟ್ಟೆಯ ಹೆದರಿಕೆಗೆ ರಜೆ ಎಂಬುದಿಲ್ಲ. ಗಿರಾಕಿ ನಗುತ್ತಾ ಉಟ್ಟುಕೊಂಡು ಹೋಗುತ್ತಾಳೆ, ನೀವು ಮನೆಗೆ ಹೋಗಿ ಅನ್ನ ಬಡಿಸಿಕೊಂಡು ಕೂತರೆ ಸಾರು ಕಂಡ ಕೂಡಲೇ ಆ ಬಟ್ಟೆಯ ನೆನಪಾಗುತ್ತದೆ. ಅವಳು ಈಗ ಊಟಕ್ಕೆ ಕೂತಿರಬಹುದೇ? ಕರಕ್ ಚಹಾ ಕುಡಿಯುತ್ತಿರಬಹುದೇ? ನನ್ನ ಗಂಡ ಬೇಸರದಿಂದ ಹೇಳುತ್ತಿದ್ದರು, "ಸಿಸಿಲಿ, ನೀನು ಕಡ್ಡಿಯನ್ನು ಗುಡ್ಡ ಮಾಡ್ತಿ." ಕಡ್ಡಿ ಚುಚ್ಚಿದ ಜಾಗದಲ್ಲಿ ರೇಷ್ಮೆ ಹರಿದದ್ದನ್ನು ಅವರು ಕಂಡಿರಲಿಲ್ಲ.

ನಮ್ಮ ಮಾಲಕಿ ಬಹ್ರೇನಿ ಹೆಂಗಸು, ಹೆಸರು ಬದ್ರಿಯಾ. ನಮಗೆಲ್ಲ ಅವರು ಮದಾಮ್. ಒಳ್ಳೆಯವರು, ಆದರೆ ಸಿಟ್ಟು ಮೂಗಿನ ತುದಿಯಲ್ಲಿ. ಬಟ್ಟೆ ಅಂಗಡಿಯಿಂದ ಹೊರಗೆ ಹೋಗುವ ಮೊದಲು ಬಖೂರಿನ ಹೊಗೆ ಹಿಡಿಯಬೇಕು ಎಂಬುದು ಅವರ ಕಟ್ಟಪ್ಪಣೆ. ಬಖೂರ್ ಎಂದರೆ ಕೆಂಡದ ಮೇಲೆ ಉದುರಿಸುವ ಪರಿಮಳದ ಚಕ್ಕೆ. ಅಲ್ಲಿಯ ಮನೆಗಳಲ್ಲಿ ಮದುವೆ, ಹಬ್ಬ ಎಂದರೆ ಬಟ್ಟೆಗೆ ಈ ಹೊಗೆ ಹಿಡಿಯದೆ ಹೊರಡುವವರಿಲ್ಲ. ನನಗೋ ಕೆಂಡ ಕಂಡರೆ ಕಿಡಿಯ ಚಿಂತೆ. ಒಂದು ಕೈಯಲ್ಲಿ ಬಟ್ಟೆ, ಇನ್ನೊಂದು ಕೈಯಲ್ಲಿ ನೀರಿನ ಚೊಂಬು ಹಿಡಿದು ನಿಲ್ಲುತ್ತಿದ್ದೆ. ಮದಾಮ್ ಅದನ್ನು ನೋಡಿ, "ಸಿಸಿಲಿ, ನೀನು ಬಖೂರ್ ಹಾಕುವುದೋ, ಬೆಂಕಿ ಆರಿಸುವುದೋ?" ಎಂದು ಹಿಂದಿಯಲ್ಲಿ ಕೇಳಿ ನಗುತ್ತಿದ್ದರು. ನಗಲಿ. ನಾನಿದ್ದಷ್ಟು ಕಾಲ ಒಂದು ಬಟ್ಟೆಯೂ ಸುಡಲಿಲ್ಲ.

ನಾನು ಅಲ್ಲಿಗೆ ಹೋದದ್ದು ಸೀರೆ ಉಡಿಸುವವಳಾಗಿ. ನಮ್ಮ ಕೈಯ ಜೀವಾಳವೇ ಪಿನ್ನು. ಭುಜಕ್ಕೊಂದು, ನೆರಿಗೆಗೊಂದು, ಸೊಂಟದ ಹಿಂದೊಂದು. ಬಾಯಲ್ಲಿ ಸಾಲಾಗಿ ಪಿನ್ನು ಕಚ್ಚಿಕೊಂಡೇ ಮಾತಾಡುವ ಅಭ್ಯಾಸ. ಆ ಅಭ್ಯಾಸ ಬಿಡಿಸಿದವರು ಉಮ್ ಯೂಸುಫ್.

ಉಮ್ ಯೂಸುಫ್ ಎಂದರೆ ಯೂಸುಫನ ತಾಯಿ. ಅರಬರಲ್ಲಿ ಹೆಂಗಸನ್ನು ಹಿರಿಯ ಮಗನ ಹೆಸರು ಹಿಡಿದು ಕರೆಯುವುದು ಮರ್ಯಾದೆ. ಆದರೆ ಇವರು ಹುಟ್ಟಿನಿಂದ ಅರಬರಲ್ಲ, ಜಪಾನಿನವರು. ಹೆಸರು ಕಿಯೋಕೊ. ಹಡಗಿನ ಕೆಲಸಕ್ಕೆ ಜಪಾನಿಗೆ ಹೋಗಿಬರುತ್ತಿದ್ದ ಬಹ್ರೇನಿಯೊಬ್ಬರನ್ನು ಮದುವೆಯಾಗಿ, ಅವರ ಧರ್ಮಕ್ಕೆ ಸೇರಿ, ಅಲ್ಲೇ ನೆಲೆ ನಿಂತವರು. ಗಂಡ ತೀರಿಕೊಂಡ ಮೇಲೆ ಸೇತುವೆಯಾಚೆಯ ಬುಸೈತೀನ್‌ನಲ್ಲಿ ಮಗನ ಮನೆಯಲ್ಲಿದ್ದರು. ಅರಬ್ಬಿಯನ್ನು ಅರಬರ ಹಾಗೆಯೇ ಆಡುತ್ತಿದ್ದರು. ನನ್ನ ಜೊತೆ ಮಾತ್ರ ಒಂದಿಷ್ಟು ಅರಬ್ಬಿ, ಒಂದಿಷ್ಟು ಇಂಗ್ಲಿಷ್, ಉಳಿದದ್ದು ಕೈಸನ್ನೆ. ಅದನ್ನೆಲ್ಲ ಇಲ್ಲಿ ನನಗೆ ತಿಳಿದ ಕನ್ನಡದಲ್ಲಿ ಬರೆಯುತ್ತೇನೆ.

ಅವರ ಹತ್ತಿರ ತಾಯಿ ಹೊಲಿದುಕೊಟ್ಟ ಒಂದು ಕಿಮೊನೊ, ಅಂದರೆ ಜಪಾನಿನವರ ರೇಷ್ಮೆ ನಿಲುವಂಗಿ, ಇತ್ತು. ಮೋಡದ ಬಣ್ಣ, ಕೆಳಗಿನ ಅಂಚಿನಲ್ಲಿ ಬಿಳಿ ಹುಲ್ಲಿನ ಹೂ. ಮದಾಮ್‌ಗೆ ಅವರ ಪರಿಚಯ. "ಬಾಡಿಗೆಗೆ ಕೊಡುತ್ತೀರಾ?" ಎಂದು ಸುಮ್ಮನೆ ಕೇಳಿದರಂತೆ, ಅವರು ಒಪ್ಪಿದರು. ಬಂದ ಬಾಡಿಗೆ ಮಸೀದಿಯ ಪೆಟ್ಟಿಗೆಗೆ ಹೋಗುತ್ತಿತ್ತು. "ಪೆಟ್ಟಿಗೆಯಲ್ಲೇ ಇಟ್ಟ ರೇಷ್ಮೆ ಮುನಿಸಿಕೊಳ್ಳುತ್ತದೆ, ಯಾರಾದರೂ ಉಟ್ಟರೆ ಅದಕ್ಕೂ ಸಂತೋಷ," ಎಂದು ನನಗೆ ಹೇಳಿದ್ದರು. ಷರತ್ತು ಒಂದೇ: ಉಡಿಸುವವಳು ಅವರ ಹತ್ತಿರವೇ ಕಲಿಯಬೇಕು. ಹಾಗೆ ನಾನು ಬುಸೈತೀನ್‌ಗೆ ಪಾಠಕ್ಕೆ ಹೋದೆ.

ಮೊದಲ ದಿನ ಬಾಯಲ್ಲಿ ಪಿನ್ನು ಕಚ್ಚಿಕೊಂಡೇ ಕಿಮೊನೊ ಎತ್ತಿದೆ. ಅವರು ನನ್ನ ಗಲ್ಲದ ಕೆಳಗೆ ಅಂಗೈ ಚಾಚಿ ನಿಂತರು. ಒಂದೊಂದೇ ಪಿನ್ನನ್ನು ಆ ಅಂಗೈಗೆ ಉಗುಳಿದೆ, ಚ್ಯೂಯಿಂಗ್ ಗಮ್ ಸಿಕ್ಕಿಬಿದ್ದ ಶಾಲೆಯ ಹುಡುಗಿಯ ಹಾಗೆ. ಕಿಮೊನೊಗೆ ಪಿನ್ನಿಲ್ಲ, ಗುಂಡಿಯಿಲ್ಲ, ಹುಕ್ಕಿಲ್ಲ. ಮಡಿಕೆ, ಮೆತ್ತನೆಯ ದಾರ, ಮೇಲೆ ಓಬಿ ಎಂಬ ಅಗಲವಾದ ನಡುಪಟ್ಟಿ. ಅಷ್ಟರಲ್ಲೇ ಎಲ್ಲ ನಿಲ್ಲಬೇಕು. ಸೀರೆಯಲ್ಲಿ ನಾವು ಸೊಂಟ ಚಂದ ಕಾಣಲಿ ಎಂದು ಹೆಣಗಾಡುತ್ತೇವೆ. ಇಲ್ಲಿ ಸೊಂಟಕ್ಕೆ ಟವೆಲ್ ಸುತ್ತಿ ಅದನ್ನು ಮಾಯ ಮಾಡಬೇಕು. ಮೈ ಸಪಾಟಾದರೆ ಮಾತ್ರ ಬಟ್ಟೆ ಮಾತು ಕೇಳುತ್ತದೆ.

ಇನ್ನೊಂದು ಪಾಠವನ್ನು ಅವರು ಮತ್ತೆ ಮತ್ತೆ ಹೇಳಿಸಿದರು. ಕಿಮೊನೊದ ಬಲಗಡೆಯ ಮಗ್ಗುಲು ಮೊದಲು ಮೈಗೆ ಬರಬೇಕು, ಎಡಗಡೆಯದು ಅದರ ಮೇಲೆ. ಎಡ ಮೇಲೆ, ಬಲ ಒಳಗೆ. ಉಟ್ಟವಳ ಬಲಗೈ ಎದೆಯ ಮಡಿಕೆಯೊಳಗೆ ಸಲೀಸಾಗಿ ಜಾರಿದರೆ ಸರಿ ಎಂದು ಲೆಕ್ಕ.

"ಅಕಸ್ಮಾತ್ ಬಲ ಮೇಲೆ ಬಂದರೆ?" ಎಂದು ಕೇಳಿದೆ. ನನಗೆ ಎಲ್ಲದಕ್ಕೂ ಮೊದಲು ಹೊಳೆಯುವುದು ಅಕಸ್ಮಾತ್ತೇ.

"ಹಾಗೆ ಉಡಿಸುವುದು ಸತ್ತವರಿಗೆ," ಎಂದರು.

ಸತ್ಯವಾಗಿ ಹೇಳುತ್ತೇನೆ, ಅವತ್ತು ಸೇತುವೆ ದಾಟಿ ಗುದೈಬಿಯಾಕ್ಕೆ ಬರುವಷ್ಟೂ ದಾರಿ ಬಸ್ಸಿನಲ್ಲಿ ಕೂತು ನನ್ನ ದುಪಟ್ಟಾವನ್ನೇ ಹಿಂದೆ ಮುಂದೆ ಮಾಡಿ ಅಭ್ಯಾಸ ಮಾಡಿದೆ. ಪಕ್ಕದಲ್ಲಿದ್ದ ಹೆಂಗಸು ಎದ್ದು ಬೇರೆ ಸೀಟಿಗೆ ಹೋದಳು.

ಇನ್ನು ನಮ್ಮ ಫೋಟೊಗ್ರಾಫರ್ ರಫೀಕನ ವಿಷಯ ಹೇಳದೆ ಕಥೆ ಮುಂದೆ ಹೋಗುವುದಿಲ್ಲ. ಉಳ್ಳಾಲದ ಬ್ಯಾರಿ, ಕೈ ಬಂಗಾರ, ಬಾಯಿ ಬೊಂಬಾಯಿ. ನನ್ನನ್ನು "ಬಾಯಮ್ಮ" ಎಂದು ಕರೆಯುತ್ತಿದ್ದ. ಊರಲ್ಲಿ ಕ್ರಿಶ್ಚನ್ ಹೆಂಗಸರನ್ನು ಹಾಗೆ ಕರೆಯುವ ವಾಡಿಕೆ. ಫಿಲ್ಮು ಇದ್ದ ಕಾಲದಲ್ಲಿ ಅವನೂ ನನ್ನ ಹಾಗೆಯೇ ಹೆದರುತ್ತಿದ್ದ, ಒಂದು ಕ್ಲಿಕ್ಕಿಗೆ ನೂರು ಸಲ ನೋಡುತ್ತಿದ್ದ. ಡಿಜಿಟಲ್ ಬಂದದ್ದೇ ತಡ, ಅವನ ಹೆದರಿಕೆಯೆಲ್ಲ ಹಾರಿಹೋಯಿತು. ಕಲೆ ಬಿದ್ದರೆ "ಕಂಪ್ಯೂಟರ್‌ನಲ್ಲಿ ತೆಗೆದರೆ ಆಯ್ತು", ನೆರಿಗೆ ಓರೆಯಾದರೆ "ಕಂಪ್ಯೂಟರ್‌ನಲ್ಲಿ ನೆಟ್ಟಗೆ ಮಾಡಿದರೆ ಆಯ್ತು". ಹೊಸಬರಿಗೆ ನನ್ನ ಮಾತು: ಹೊಸ ಮೆಷಿನು ಬಂದಾಗ ಕೆಲಸ ಸುಲಭವಾಗುತ್ತದೆ, ನಿಜ. ಆದರೆ ತಪ್ಪು ಮಾಡುವುದೂ ಅಷ್ಟೇ ಸುಲಭವಾಗುತ್ತದೆ.

ರಫೀಕನಿಗೆ ಒಂದು ಚಟ. ಆಲ್ಬಂ ಮಾಡುವಾಗ ಫೋಟೊದಲ್ಲಿದ್ದವರು ಪುಟದ ಹೊರಗೆ ನೋಡುತ್ತಿದ್ದರೆ ಅವನಿಗೆ ಸಹಿಸುವುದಿಲ್ಲ. ಕಂಪ್ಯೂಟರ್‌ನಲ್ಲಿ ಒಂದು ಗುಂಡಿ ಒತ್ತಿ ಇಡೀ ಫೋಟೊವನ್ನು ಕನ್ನಡಿಯ ಹಾಗೆ ತಿರುಗಿಸಿಬಿಡುತ್ತಿದ್ದ. ಎಡದ್ದು ಬಲಕ್ಕೆ, ಬಲದ್ದು ಎಡಕ್ಕೆ. ಒಮ್ಮೆ ಕಾಪುವಿನ ಕಡೆಯ ಮದುಮಗಳೊಬ್ಬಳ ಆಲ್ಬಂ ಹೀಗೆ ಮಾಡಿಕೊಟ್ಟ. ಮರುದಿನ ಅವಳ ಅತ್ತೆ ಅಂಗಡಿಗೆ ಬಂದು ಆಲ್ಬಂ ಮೇಜಿಗೆ ಕುಕ್ಕಿದರು.

"ನಮ್ಮ ಸೊಸೆ ಯಾವಾಗ ಬಲಭುಜಕ್ಕೆ ಸೆರಗು ಹಾಕಿದ್ದು? ನಾವೆಂತ ಗುಜರಾತಿನವರಾ?"

ಉಡಿಸಿದವಳು ನಾನು. ಬೈಗುಳದ ಪಾಲು ನನಗೇ ಜಾಸ್ತಿ ಬಂತು. ಅವತ್ತು ರಫೀಕ್ ಕಿವಿ ಹಿಡಿದುಕೊಂಡು, "ಇನ್ನು ಸೀರೆ ತಿರುಗಿಸುವುದಿಲ್ಲ ಬಾಯಮ್ಮ, ಅಲ್ಲಾನಾಣೆ," ಎಂದ. ಮಾತಿಗೆ ತಪ್ಪಲಿಲ್ಲ. ಸೀರೆಯನ್ನು ಮತ್ತೆಂದೂ ತಿರುಗಿಸಲಿಲ್ಲ.

ಈಗ ಸ್ಮಿತಾಳ ವಿಷಯಕ್ಕೆ ಬರುತ್ತೇನೆ. ಉಡುಪಿಯ ಹುಡುಗಿ, ಡಿಪ್ಲೊಮ್ಯಾಟಿಕ್ ಏರಿಯಾದಲ್ಲಿ ಒಂದು ಜಪಾನಿ ಕಂಪನಿಯ ಆಫೀಸಿನಲ್ಲಿ ಮುಂದಿನ ಮೇಜಿನಲ್ಲಿ ಕೂರುವವಳು. ಅವಳ ಕಾಂಟ್ರಾಕ್ಟ್ ಮುಗಿಯಲಿಕ್ಕೆ ಬಂದಿತ್ತು. ಆಫೀಸು ಹೊಸ ಮಹಡಿಗೆ ಹೋಗುವುದಿತ್ತು, ಅದರ ಉದ್ಘಾಟನೆಗೆ ಜಪಾನಿನಿಂದ ದೊಡ್ಡ ಯಜಮಾನರು ಬರುವವರಿದ್ದರು. ಯಾರನ್ನು ಇಟ್ಟುಕೊಳ್ಳುವುದು, ಯಾರಿಗೆ ಟಿಕೆಟ್ ಕೊಟ್ಟು ಊರಿಗೆ ಕಳಿಸುವುದು ಎಂದು ಅವರು ಬಂದು ಹೋಗುವಾಗಲೇ ತೀರ್ಮಾನ. ಗಲ್ಫಿನಲ್ಲಿ ಕೆಲಸ ಹೋದರೆ ವೀಸಾ ಹೋಯಿತು, ವೀಸಾ ಹೋದರೆ ಕಾಲಡಿಯ ನೆಲವೇ ಹೋಯಿತು. ಹಾಗಾಗಿ ಹುಡುಗಿ ಒಂದು ಉಪಾಯ ಮಾಡಿದ್ದಳು. ಬಾಗಿಲೆದುರಿನ ಬೋರ್ಡಿಗೆ ಕಿಮೊನೊ ಉಟ್ಟು ಸ್ವಾಗತಿಸುವ ಹೆಣ್ಣಿನ ಫೋಟೊ ಹಾಕುವ, ನಾನೇ ನಿಲ್ಲುತ್ತೇನೆ ಎಂದು ಮ್ಯಾನೇಜರರನ್ನು ಒಪ್ಪಿಸಿ ನಮ್ಮಲ್ಲಿಗೆ ಬಂದಿದ್ದಳು.

"ಆಂಟಿ, ಇದು ಚಂದ ಆದ್ರೆ ನನ್ನ ಕೆಲಸ ಉಳೀತದೆ," ಎಂದಳು.

"ಚಂದ ಆಗದಿದ್ರೆ?"

"ಆಂಟೀ!"

ನನ್ನ ಬಾಯಿಗೆ ಬರುವುದೇ ಹಾಗೆ. ಮದಾಮ್ ಅವಳ ಸಿಪಿಆರ್ ಕಾರ್ಡು, ಅಂದರೆ ಅಲ್ಲಿಯ ಗುರುತಿನ ಚೀಟಿ, ಭದ್ರತೆಗೆ ಇಟ್ಟುಕೊಂಡರು. ನಾನು ಬುಸೈತೀನ್‌ಗೆ ಹೋಗಿ ಕಿಮೊನೊ ತಂದೆ.

ಆಗಸ್ಟ್ ತಿಂಗಳು. ಬಹ್ರೇನ್‌ನಲ್ಲಿ ಆಗ ಹೊರಗೆ ಕಾಲಿಟ್ಟರೆ ಗಾಳಿಯೇ ಬೆವರುತ್ತದೆ. ಹುಡುಗಿಯನ್ನು ಏಸಿಯ ಕೆಳಗೆ ಕೂರಿಸಿ ಮೈ ಪೂರ್ತಿ ತಣಿಯುವವರೆಗೆ ಕಿಮೊನೊ ಪೆಟ್ಟಿಗೆ ತೆರೆಯಲಿಲ್ಲ. ತಲೆಗೆ ತೆಂಗಿನೆಣ್ಣೆ ಹಾಕಿ ಬಂದಿದ್ದಳು, ಪಕ್ಕದ ಸಲೂನಿಗೆ ಕಳಿಸಿ ತೊಳೆಸಿದೆ. ಲಿಪ್‌ಸ್ಟಿಕ್ ಕಡೆಗೆ, ಮುಖಕ್ಕೆ ಪೌಡರ್ ಹಾಕುವಾಗ ಕುತ್ತಿಗೆಗೆ ಬಿಳಿ ಬಟ್ಟೆ. ಅವತ್ತು ಬಖೂರ್ ಬೇಡವೆಂದು ಮದಾಮ್ ಹತ್ತಿರ ವಾದ ಮಾಡಿ ಗೆದ್ದೆ. ಟವೆಲ್ ಸುತ್ತಿದೆ, ಒಳ ನಿಲುವಂಗಿ ಹಾಕಿದೆ, ಕಿಮೊನೊ ಹೊದಿಸಿದೆ. ಬಲ ಒಳಗೆ, ಎಡ ಮೇಲೆ. ಬಲಗೈ ಎದೆಯೊಳಗೆ ಜಾರಿಸಿ ನೋಡು ಎಂದೆ. ಜಾರಿತು. ಮತ್ತೊಮ್ಮೆ ನೋಡು ಎಂದೆ.

"ಬಾಯಮ್ಮ, ಆ ಹುಡುಗಿ ಪರ್ಸ್ ಹುಡುಕ್ತಾ ಇರೋ ಹಾಗೆ ಕಾಣ್ತದೆ, ಸಾಕು ಮಾಡಿ," ಎಂದ ರಫೀಕ್.

ಫೋಟೊ ಚಂದ ಬಂತು. ಸ್ಮಿತಾ ತುಸು ಓರೆಯಾಗಿ ನಿಂತು, ಕೈ ಮುಂದೆ ಜೋಡಿಸಿಕೊಂಡು, ಇಷ್ಟೇ ಇಷ್ಟು ನಕ್ಕಿದ್ದಳು. ಕಿಮೊನೊಗೆ ಒಂದು ಹನಿ ಬೆವರೂ ತಾಗಲಿಲ್ಲ. ಬಿಚ್ಚಿ, ಬಿದಿರಿನ ಕೋಲಿಗೆ ತೋಳು ಬಿಡಿಸಿ ಹಾಕಿ, ನೆರಳಲ್ಲಿ ಆರಿಸಿ, ಹೊಲಿಗೆಯ ಗೆರೆ ಹಿಡಿದು ಮಡಿಸಿದೆ. ಗುರುವಾರ ಸಂಜೆ ಸ್ಮಿತಾ ವಾಟ್ಸಾಪಿನಲ್ಲಿ ಬೋರ್ಡಿನ ಚಿತ್ರ ಕಳಿಸಿದಳು. ಆಳೆತ್ತರದ ಬೋರ್ಡು, ಒಳಗೆ ದೀಪ, ಹುಡುಗಿ ಹೊಳೆಯುತ್ತಿದ್ದಾಳೆ. ಉದ್ಘಾಟನೆ ಶನಿವಾರ ಬೆಳಿಗ್ಗೆ. ಆ ದಿನ ನಾನು ನೆಮ್ಮದಿಯಿಂದ ಊಟ ಮಾಡಿದೆ. ಹೀಗೆ ನೆಮ್ಮದಿಯಾದಾಗಲೇ ನಾನು ಜಾಸ್ತಿ ಹೆದರಬೇಕಿತ್ತು.

ಶುಕ್ರವಾರ ಬೆಳಿಗ್ಗೆ ಕಿಮೊನೊ ಹಿಂದಿರುಗಿಸಲು ಬುಸೈತೀನ್‌ಗೆ ಹೋದೆ. ಉಮ್ ಯೂಸುಫ್ ಪೆಟ್ಟಿಗೆ ತೆರೆದು ಮಡಿಕೆ ನೋಡಿ ತಲೆಯಾಡಿಸಿದರು. ಅವರ ಬಾಯಲ್ಲಿ ಹೊಗಳಿಕೆ ಎಂದರೆ ಅಷ್ಟೇ. ಖುಷಿಯಲ್ಲಿ ಫೋನ್ ತೆಗೆದು ಬೋರ್ಡಿನ ಚಿತ್ರ ತೋರಿಸಿದೆ. ಕನ್ನಡಕ ಹಾಕಿಕೊಂಡು ನೋಡಿದರು. ಫೋನನ್ನು ಮೆಲ್ಲಗೆ ಮೇಜಿನ ಮೇಲೆ ಕವುಚಿ ಹಾಕಿದರು.

"ಯಾರು ತೀರಿಕೊಂಡದ್ದು?" ಎಂದು ಕೇಳಿದರು.

ಫೋನ್ ಎತ್ತಿ ನೋಡಿದೆ. ಬಲ ಮೇಲೆ, ಎಡ ಒಳಗೆ! ಇದು ಹೇಗೆ ಸಾಧ್ಯ? ಎರಡೆರಡು ಸಲ ಕೈ ಜಾರಿಸಿ ನೋಡಿದ್ದೆನಲ್ಲ? ಪ್ರಾಯ ಆಯಿತು, ನನ್ನ ತಲೆ ಕೈಕೊಟ್ಟಿತು ಎಂದುಕೊಂಡೆ. ಅಲ್ಲೇ ಕೂತುಬಿಟ್ಟೆ. ಉಮ್ ಯೂಸುಫ್ ನೀರು ತಂದುಕೊಟ್ಟರು. ನೀರು ಕುಡಿಯುತ್ತಾ ಮತ್ತೆ ನೋಡಿದರೆ ಸ್ಮಿತಾಳ ಕೆನ್ನೆಯ ಮಚ್ಚೆ ಕಂಡಿತು. ಎಡಕೆನ್ನೆಯ ಮಚ್ಚೆ. ಪೌಡರ್ ಹಾಕುವಾಗ ಅದರ ಮೇಲೆ ಕೈಯಾಡಿಸಿದವಳು ನಾನೇ. ಬೋರ್ಡಿನಲ್ಲಿ ಅದು ಬಲಕೆನ್ನೆಗೆ ಹೋಗಿ ಕೂತಿತ್ತು.

"ರಫೀಕ್!" ಎಂದು ಕೂಗಿದೆ. ಪಾಪ, ಆ ಮನೆಯವರೆಲ್ಲ ಓಡಿ ಬಂದರು.

ವಿಷಯ ಇಷ್ಟೇ. ಬೋರ್ಡಿನ ಮೇಲೆ ಕಂಪನಿಯ ಹೆಸರು ಒಂದು ಬದಿಗೆ ಇತ್ತು. ಹುಡುಗಿಯ ಮುಖ ಹೆಸರಿನ ಕಡೆಗೆ ನೋಡಲಿ ಎಂದು ಅವನು ಫೋಟೊ ತಿರುಗಿಸಿದ್ದ. ಸೀರೆ ತಿರುಗಿಸುವುದಿಲ್ಲ ಎಂದು ಆಣೆ ಹಾಕಿದ್ದ, ಕಿಮೊನೊಗೆ ಆಣೆ ಹಾಕಿರಲಿಲ್ಲ.

ಫೋನ್ ಮಾಡಿದರೆ ಸ್ವಿಚ್ ಆಫ್. ಶುಕ್ರವಾರದ ನಮಾಜಿನ ಹೊತ್ತು. ನನ್ನ ಕಣ್ಣ ಮುಂದೆ ಶನಿವಾರ ಬೆಳಿಗ್ಗೆ ನಿಂತಿತ್ತು. ಜಪಾನಿನ ಯಜಮಾನರು ಹೊಸ ಆಫೀಸಿನ ಬಾಗಿಲಿಗೆ ಬರುತ್ತಾರೆ, ಎದುರಿಗೆ ಆಳೆತ್ತರದ ಹೆಣದ ಅಲಂಕಾರ, ಕೆಳಗೆ ಅದೇ ಹುಡುಗಿ ನಗುತ್ತಾ ನಿಂತಿದ್ದಾಳೆ. ಉಪಾಯ ಯಾರದ್ದು ಎಂದು ಕೇಳುತ್ತಾರೆ. ಮ್ಯಾನೇಜರು ಅವಳ ಕಡೆ ಬೆರಳು ತೋರಿಸುತ್ತಾರೆ. ಮುಗಿಯಿತು. ಹೇಳಿದರೆ ಹುಡುಗಿಯ ಎದೆ ಒಡೆಯುತ್ತದೆ, ಹೇಳದಿದ್ದರೆ ಕೆಲಸವೇ ಹೋಗುತ್ತದೆ. ಬಿಸಿ ತುಪ್ಪ, ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ. ಕೊನೆಗೆ ಸ್ಮಿತಾಳಿಗೆ ಫೋನ್ ಮಾಡಿ ಹೇಳಿದೆ, ಆಫೀಸಿಗೆ ಬಾ ಎಂದೆ. ಆ ಕಡೆಯಿಂದ ಮೂಗು ಎಳೆಯುವ ಸದ್ದು ಕೇಳಿಸಿತು.

ಉಮ್ ಯೂಸುಫ್ ಅಷ್ಟರಲ್ಲಿ ಕಪ್ಪು ಅಬಾಯಾ ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದರು. "ಅದು ನನ್ನ ತಾಯಿಯ ಬಟ್ಟೆ, ನಾನೂ ಬರುತ್ತೇನೆ," ಎಂದರು. ನಮಾಜು ಮುಗಿಸಿ ಬಂದ ಯೂಸುಫ್ ಕಾರು ತೆಗೆದ. ಸೇತುವೆಯ ಮೇಲೆ ನಾನು ಜಪಮಾಲೆ ಹಿಡಿದೆ, ಅವರು ತಸ್ಬಿ ಹಿಡಿದರು. ಯೂಸುಫ್ ಒಮ್ಮೆ ನಮ್ಮಿಬ್ಬರನ್ನೂ ಕನ್ನಡಿಯಲ್ಲಿ ನೋಡಿ ರೇಡಿಯೊ ಆರಿಸಿದ.

ಡಿಪ್ಲೊಮ್ಯಾಟಿಕ್ ಏರಿಯಾ ಶುಕ್ರವಾರ ಬಿಕೋ ಎನ್ನುತ್ತದೆ. ಸ್ಮಿತಾ ಕಟ್ಟಡದ ಕೆಳಗೆ ಕಣ್ಣು ಕೆಂಪಗೆ ಮಾಡಿಕೊಂಡು ನಿಂತಿದ್ದಳು. ಕಟ್ಟಡ ಕಾಯುವ ನಾತೂರನನ್ನು ಕಾಡಿ ಬೇಡಿ ಬೀಗದ ಕೈ ತಂದಿದ್ದಳು. ನಾವು ಮೇಲೆ ಹೋಗಿ ಸ್ವಲ್ಪ ಹೊತ್ತಿಗೆ, ನಮಾಜು ಮುಗಿದ ಮೇಲೆ ಫೋನಿಗೆ ಸಿಕ್ಕಿದ ರಫೀಕ್ ಬಂದ, ಬಿರಿಯಾನಿ ಉಂಡ ಕಳೆ ಮುಖದಲ್ಲಿ ಹಾಗೆಯೇ ಇತ್ತು.

"ಎಂತ ಬಾಯಮ್ಮ, ಇಷ್ಟಕ್ಕೆಲ್ಲ ಗಲಾಟೆಯಾ? ಸೀರೆ ಆದ್ರೆ ಗೊತ್ತಾಗ್ತದೆ. ಇದಕ್ಕೆ ಎಡ ಎಂತ, ಬಲ ಎಂತ? ಯಾರು ನೋಡ್ತಾರೆ?"

"ಬರುವವರೇ ಜಪಾನಿನವರು ಮಾರಾಯ! ಅವರಲ್ಲಿ ಹೀಗೆ ಉಡಿಸುವುದು ಹೆಣಕ್ಕೆ!"

ರಫೀಕನ ಮುಖದಿಂದ ಬಿರಿಯಾನಿಯ ಕಳೆ ಇಳಿಯಿತು. ಉಮ್ ಯೂಸುಫ್‌ರನ್ನು ನೋಡಿದ, ಸ್ಮಿತಾಳನ್ನು ನೋಡಿದ. "ತೋಬಾ ತೋಬಾ," ಎಂದು ಕೆನ್ನೆಗೆ ಬಡಿದುಕೊಂಡ. ಹೊಸದಾಗಿ ಪ್ರಿಂಟ್ ಹಾಕಿಸುವ ಎಂದರೆ ಪ್ರೆಸ್ಸು ಮುಚ್ಚಿದೆ, ಅದರವನು ಕುಟುಂಬ ಸಮೇತ ಸೌದಿಗೆ ಹೋಗಿದ್ದಾನೆ. ಬೇರೆ ಇಬ್ಬರಿಗೆ ಫೋನ್ ಹಚ್ಚಿದ. ಇಷ್ಟು ದೊಡ್ಡ ಹಾಳೆ ನಾಳೆ ಮಧ್ಯಾಹ್ನದ ಮೇಲೆ ಎಂದರು. ಬೋರ್ಡನ್ನೇ ತೆಗೆದುಬಿಡುವ ಎಂದೆ. "ಮ್ಯಾನೇಜರ್ ಆಗ್ಲೇ ಜಪಾನಿಗೆ ಹೇಳಿದ್ದಾರೆ ಆಂಟಿ, ಬೋರ್ಡ್ ಉಂಟು ಅಂತ. ಖಾಲಿ ಗೋಡೆ ತೋರಿಸ್ಲಿಕ್ಕೆ ಆಗ್ತದಾ?" ಎಂದು ಸ್ಮಿತಾ ಮತ್ತೆ ಅಳಲು ಶುರು ಮಾಡಿದಳು. ನನ್ನ ಬಾಯಲ್ಲಿ ಪ್ರಾರ್ಥನೆಯ ಮಾತುಗಳೂ ಕಲಸಿಹೋಗಿದ್ದವು.

ಏನು ಮಾಡುವುದೆಂದು ತೋಚದೆ ರಫೀಕ್ ಬೋರ್ಡಿನ ಚೌಕಟ್ಟು ಬಿಚ್ಚಿದ. ಅದರೊಳಗೆ ಫೋಟೊ ಇದ್ದದ್ದು ಕಾಗದದ ಮೇಲಲ್ಲ, ಬೆಳಕು ಹಾಯುವ ಪ್ಲಾಸ್ಟಿಕ್ ಹಾಳೆಯ ಮೇಲೆ. ಹಿಂದಿನ ದೀಪ ಅದರೊಳಗಿಂದ ಬಂದರೆ ತಾನೇ ಚಿತ್ರ ಹೊಳೆಯುವುದು. ಹಾಳೆಯನ್ನು ಎಳೆದು ತೆಗೆದು, ಎರಡು ಕೈಯಲ್ಲಿ ಮೇಲೆತ್ತಿ, ಹರಿದು ಬಿಸಾಡುವುದೋ ಎಂಬಂತೆ ನಿಂತ. ಉಮ್ ಯೂಸುಫ್ ಬೋರ್ಡಿನ ದೀಪ ನೋಡಲೆಂದು ಅವನ ಹಿಂದೆ ಹೋಗಿದ್ದರು. ಅಲ್ಲಿಂದ ಅವರ ದನಿ ಕೇಳಿಸಿತು.

"ಈ ಕಡೆಯಿಂದ ಹುಡುಗಿ ಬದುಕಿದ್ದಾಳೆ."

ನಾವೆಲ್ಲ ಹಿಂದೆ ಓಡಿದೆವು. ಹೌದು! ಹಾಳೆಯ ಬೆನ್ನಿನಿಂದ ನೋಡಿದರೆ ಎಡ ಮೇಲೆ, ಬಲ ಒಳಗೆ. ಮಚ್ಚೆ ಎಡಕೆನ್ನೆಗೆ ಬಂದು ಕೂತಿತ್ತು. ಕಂಪನಿಯ ಹೆಸರು ಹಾಳೆಯಲ್ಲಿರಲಿಲ್ಲ, ಮುಂದಿನ ಗಾಜಿನ ಮೇಲೆ ಬೇರೆಯಾಗಿ ಅಂಟಿಸಿದ್ದರು. ಹಾಳೆಯನ್ನು ಹಿಂದುಮುಂದು ಮಾಡಿ ಹಾಕಿದರೆ ಮುಗಿಯಿತು! ರಫೀಕ್ ಹಾಗೆಯೇ ಹಾಕಿ ದೀಪ ಹೊತ್ತಿಸಿದ. ಬಣ್ಣ ಒಂದು ಚೂರು ಮಂಕಾಗಿತ್ತು, ಮೋಡದ ಬಣ್ಣಕ್ಕೆ ಅದೇ ಚಂದ ಎಂದು ನನಗನಿಸಿತು. ಸ್ಮಿತಾ ಉಮ್ ಯೂಸುಫ್‌ರನ್ನು ತಬ್ಬಿಕೊಂಡಳು. ಅವರಿಗೆ ಅಭ್ಯಾಸವಿಲ್ಲ, ಕೋಲಿನ ಹಾಗೆ ನಿಂತಿದ್ದರು, ಆಮೇಲೆ ಮೆಲ್ಲಗೆ ಅವಳ ಬೆನ್ನು ತಟ್ಟಿದರು.

ರಫೀಕ್ ಮಾತ್ರ ದೂರ ನಿಂತು ಗೊಣಗಿದ, "ಮುಖ ಹೆಸರು ಬಿಟ್ಟು ಆಚೆ ನೋಡ್ತಾ ಉಂಟು ಬಾಯಮ್ಮ. ಕಣ್ಣಿಗೆ ಚುಚ್ಚುತ್ತದೆ."

"ಚುಚ್ಚಲಿ. ಕಣ್ಣು ಮುಚ್ಚಿಕೋ," ಎಂದೆ.

ಶನಿವಾರ ಬೆಳಿಗ್ಗೆಯಿಡೀ ನಾನು ಅಂಗಡಿಯಲ್ಲಿ ಇಸ್ತ್ರಿ ಆದದ್ದನ್ನೇ ಮತ್ತೆ ಇಸ್ತ್ರಿ ಮಾಡುತ್ತಿದ್ದೆ. ಮಧ್ಯಾಹ್ನ ಸ್ಮಿತಾಳ ಫೋನ್ ಬಂತು. ಯಜಮಾನರು ಬೋರ್ಡಿನ ಮುಂದೆ ತುಂಬ ಹೊತ್ತು ನಿಂತರಂತೆ. ಅವರು ಕೇಳಿದ್ದು ಒಂದೇ ಪ್ರಶ್ನೆ: ಇವಳು ಕಂಪನಿಯ ಹೆಸರು ಬಿಟ್ಟು ಬಾಗಿಲ ಕಡೆ ಯಾಕೆ ನೋಡುತ್ತಿದ್ದಾಳೆ?

"ನೀನೆಂತ ಹೇಳಿದಿ?"

"ಬರುವವರನ್ನು ನೋಡ್ಲಿಕ್ಕೆ ಅಂದೆ ಆಂಟಿ. ನಕ್ಕುಬಿಟ್ರು. ಕಾಂಟ್ರಾಕ್ಟ್ ಮತ್ತೆ ಬರೀತಾರಂತೆ!"

ಇಸ್ತ್ರಿ ಪೆಟ್ಟಿಗೆ ಬದಿಗಿಟ್ಟು ಅಲ್ಲೇ ಅತ್ತೆ. ಮದಾಮ್ ಬಂದು ಯಾವ ಬಟ್ಟೆ ಸುಟ್ಟಿತೆಂದು ಕೇಳಿದರು.

ಇಲ್ಲಿಗೆ ಮುಗಿಸಿದರೆ ಇದು ನಗೆಯ ಕಥೆ. ಹೊಸಬರಿಗೆ ಹೇಳಬೇಕಾದದ್ದು ಇದರ ನಂತರದ್ದು.

ಚಳಿ ಶುರುವಾದ ಮೇಲೆ ಒಂದು ದಿನ ಉಮ್ ಯೂಸುಫ್ ಕರೆಸಿದರು. ಹೋಗಿ ನೋಡಿದರೆ ಕಾಯಿಲೆಯಲ್ಲಿ ಅರ್ಧ ಆಗಿದ್ದರು. ಕಿಮೊನೊ ಹಾಸಿಗೆಯ ಮೇಲೆ ಬಿಡಿಸಿಟ್ಟಿತ್ತು. "ಇವತ್ತು ನನಗೆ ಉಡಿಸು. ರಫೀಕನನ್ನು ಬರಹೇಳು. ಒಂದು ಫೋಟೊ," ಎಂದರು.

ಉಡಿಸಿದೆ. ಅವರ ಹತ್ತಿರವೇ ಕಲಿತದ್ದನ್ನು ಅವರಿಗೇ ಉಡಿಸುವುದು ಪರೀಕ್ಷೆಯ ಹಾಗಿತ್ತು. ಟವೆಲ್ ತುಂಬ ಬೇಕಾಯಿತು, ಮೈಯಲ್ಲಿ ಏನೂ ಉಳಿದಿರಲಿಲ್ಲ. ಬಲ ಒಳಗೆ, ಎಡ ಮೇಲೆ. ನಾನು ಹೇಳುವ ಮೊದಲೇ ಬಲಗೈಯನ್ನು ಎದೆಯೊಳಗೆ ಜಾರಿಸಿ ತೋರಿಸಿ ನಕ್ಕರು. ಕಿಟಕಿಯ ಬೆಳಕಿನಲ್ಲಿ ರಫೀಕ್ ಫೋಟೊ ತೆಗೆದ. ಕ್ಯಾಮೆರಾದಲ್ಲಿ ನೋಡಿ ಸರಿ ಎಂದರು. ಆಮೇಲೆ ರಫೀಕನಿಗೆ ಅಂದರು, "ಎರಡು ಪ್ರಿಂಟ್ ಕೊಡು. ಒಂದು ಹೀಗೆಯೇ ಇರಲಿ. ಇನ್ನೊಂದನ್ನು ನಿನ್ನ ಗುಂಡಿ ಒತ್ತಿ ತಿರುಗಿಸು."

ರಫೀಕ್ ನನ್ನ ಮುಖ ನೋಡಿದ. ನನಗೆ ಅರ್ಥವಾಗಿತ್ತು. "ಬೇಡ, ಯಾಕೆ ಈಗಲೇ..." ಎಂದೇನೋ ತೊದಲಿದೆ.

ಅವರು ನನ್ನ ಕೈ ಹಿಡಿದುಕೊಂಡರು. "ಹೆದರಬೇಡ ಸಿಸಿಲಿ. ನನ್ನವರು ಹೋದ ಹಾಗೆಯೇ ಬಿಳಿ ಬಟ್ಟೆಯಲ್ಲಿ ನಾನೂ ಹೋಗುತ್ತೇನೆ. ಅವರ ಪಕ್ಕದಲ್ಲಿ ಮಲಗುತ್ತೇನೆ. ನನಗೆ ಅದೇ ಬೇಕು. ಆದರೆ ಅಲ್ಲಿ ಅಮ್ಮ ಇದ್ದಾಳೆ. ಅವಳು ಹೊಲಿದ ಬಟ್ಟೆ ಇದು. ನನ್ನ ಗುರುತು ಅವಳಿಗೆ ಸಿಗಬೇಕಲ್ಲ?"

ರಫೀಕ್ ಎರಡು ಪ್ರಿಂಟ್ ತಂದುಕೊಟ್ಟ. ತಿರುಗಿಸಿದ್ದನ್ನು ಎರಡೂ ಕೈಯಲ್ಲಿ ಹಿಡಿದು ಕೊಟ್ಟ. ಜೀವಮಾನವಿಡೀ ಯೋಚನೆಯಿಲ್ಲದೆ ಒತ್ತಿದ ಗುಂಡಿ ಅದು. ಉಮ್ ಯೂಸುಫ್ ಆ ಪ್ರಿಂಟನ್ನು ಕನ್ನಡಕ ಹಾಕಿಕೊಂಡು ನೋಡಿದರು, ಕಿಮೊನೊದ ಮಡಿಕೆ ನೋಡುತ್ತಿದ್ದ ಹಾಗೆಯೇ. ಆಮೇಲೆ ತಲೆಯಾಡಿಸಿದರು.

ನಾನು ಊರಿಗೆ ಬಂದ ಮೇಲೆ ಯೂಸುಫನ ಫೋನ್ ಬಂತು. ತಾಯಿ ಹೋಗಿ ಕೆಲವು ದಿನ ಆಗಿತ್ತು. ಅವರ ಪೆಟ್ಟಿಗೆಯಲ್ಲಿ ಒಂದೇ ಫೋಟೊದ ಎರಡು ಪ್ರತಿ ಸಿಕ್ಕಿವೆ, ಒಂದಕ್ಕೆ ಫ್ರೇಮ್ ಹಾಕಿಸಿ ಹಾಲ್‌ನಲ್ಲಿಡಬೇಕು, ಯಾವುದಾದರೂ ಆದೀತಲ್ಲ ಎಂದು ಕೇಳಿದ. ಎರಡನ್ನೂ ಫೋನಿಗೆ ಕಳಿಸಿದ.

ಕನ್ನಡಕ ಹುಡುಕಿ, ದೀಪ ಹಾಕಿ, ಒಂದಲ್ಲ ಎರಡು ಸಲ ನೋಡಿದೆ. ಎಡ ಮೇಲಿದ್ದುದನ್ನು ಗೋಡೆಗೆ ಹಾಕು, ಮೊಮ್ಮಕ್ಕಳು ನೋಡಲಿ ಎಂದೆ.

"ಇನ್ನೊಂದು?" ಎಂದು ಕೇಳಿದ.

"ಅದನ್ನು ಕಿಮೊನೊದ ಮಡಿಕೆಯೊಳಗೆ ಇಟ್ಟುಬಿಡು ಮಗಾ. ಅದು ನಿನ್ನ ಅಜ್ಜಿಗೆ," ಎಂದೆ.